ಕಾಯಿ ತೆಗೆದ ಮೇಲಿನ ಸೊನ್ನೆ

ಹಾವೇರಿಯ ಶ್ರೀದೇವಿಯ ಅಂಗಡಿಗೆ ತಕ್ಕಡಿ ರಿಪೇರಿಗೆ ಹೋಗುವವರು ಬಾಗಿಲಲ್ಲೇ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಆಕೆಯ ಬಾಯಿ ಅಂಥದು. ತಕ್ಕಡಿ ಕೆಟ್ಟಿದೆ ಎಂದರೆ ಕೆಟ್ಟಿದ್ದು ತಕ್ಕಡಿಯೋ ನೀವೋ ಎಂದು ಕೇಳಿಯೇ ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಹೆಂಗಸು. ಆದರೂ ಜನ ಹೋಗುತ್ತಾರೆ. ಆಕೆ ಮುಟ್ಟಿದ ತಕ್ಕಡಿ ಆಮೇಲೆ ಸುಳ್ಳು ಹೇಳುವುದಿಲ್ಲ ಎಂಬ ಮಾತು ಗುತ್ತಲದವರೆಗೂ ಹಬ್ಬಿತ್ತು. ಎಲ್ಲರಿಗಿಂತ ಗಟ್ಟಿಯಾಗಿ ಅದನ್ನು ನಂಬಿದವಳು ಶ್ರೀದೇವಿಯೇ.

ಅಪ್ಪ ಪ್ರಭುಲಿಂಗಪ್ಪ ಕಬ್ಬಿಣದ ತಕ್ಕಡಿಗಳ ಕಾಲದವನು. ಮಗಳು ಎಲೆಕ್ಟ್ರಾನಿಕ್ಸ್ ಓದಿ, ಜೊತೆಗೆ ಓದಿದ ಶಶಿಕಾಂತನೊಡನೆ ರಾಣೇಬೆನ್ನೂರಿನಲ್ಲಿ ಅಂಕಿ ತೋರಿಸುವ ತಕ್ಕಡಿ ತಯಾರಿಸಲು ಕೂತಳು. ಇಂಥ ತಕ್ಕಡಿಯ ಪೆಟ್ಟಿಗೆಯೊಳಗೆ ಒಂದು ಚಿಪ್ಪು, ಚಿಪ್ಪಿನೊಳಗೆ ಒಂದು ಪ್ರೋಗ್ರಾಂ. ತೂಕ ಓದುವುದು, ಸೊನ್ನೆ ಹಿಡಿಯುವುದು, ಖಾಲಿ ಚೀಲದ ತೂಕ ಕಳೆಯುವುದು, ಅಂಕಿ ತೋರಿಸುವುದು ಎಲ್ಲ ತಕ್ಕಡಿಗೂ ಬೇಕು. ಆ ಕೆಲಸಗಳನ್ನೆಲ್ಲ ಶ್ರೀದೇವಿ ಸಿ ಭಾಷೆಯಲ್ಲಿ ಒಂದೇ ಕಡೆ ಬರೆದಿಟ್ಟಳು. ಇಂಥ ಕಟ್ಟನ್ನು ಲೈಬ್ರರಿ ಎನ್ನುತ್ತಾರೆ. ಹೊಸ ಮಾದರಿಯ ತಕ್ಕಡಿ ಮಾಡುವಾಗ ಮತ್ತೆ ಮೊದಲಿನಿಂದ ಬರೆಯಬೇಕಿಲ್ಲ, ಲೈಬ್ರರಿ ತಂದು ಸೇರಿಸಿದರಾಯಿತು.

ಇಬ್ಬರಿಗೂ ಬಿದ್ದ ಜಗಳ ಚಿಪ್ಪಿನದು. ಅಗ್ಗದ ಹೊಸ ಚಿಪ್ಪು ಬಂದಿದೆ, ಅದಕ್ಕೇ ಹೋಗೋಣ ಎಂದು ಶಶಿಕಾಂತ. ನಂಬಿದ ಹಳೇ ಚಿಪ್ಪು ಬಿಡುವುದಿಲ್ಲ ಎಂದು ಶ್ರೀದೇವಿ. ಮಾತು ಚಿಪ್ಪಿನಿಂದ ಅಪ್ಪಂದಿರವರೆಗೆ ಹೋಯಿತು. ಆಕೆ ಹಾವೇರಿಗೆ ಬಂದು ಬೇರೆ ಅಂಗಡಿ ಇಟ್ಟಳು. ಗಿರಾಕಿಗಳನ್ನು ಹಂಚಿಕೊಂಡರು, ಮೇಜು ಕುರ್ಚಿ ಹಂಚಿಕೊಂಡರು. ಲೈಬ್ರರಿ ಮಾತ್ರ ಹಂಚಲಾಗಲಿಲ್ಲ. ಇಬ್ಬರಿಗೂ ಅದು ಬೇಕು, ಒಬ್ಬರಿಂದಲೇ ಸಂಭಾಳಿಸುವುದು ಆಗದು. ಪಾಲಾದ ಅಣ್ಣತಮ್ಮಂದಿರ ನಡುವಿನ ಬಾವಿಯ ಹಾಗೆ ಅದು ಉಳಿದುಕೊಂಡಿತು. ಅಂತರ್ಜಾಲದಲ್ಲಿ ಒಂದು ಕಡೆ ಇಟ್ಟಿದ್ದರು. ಯಾರು ತಿದ್ದಿದರೂ ಇನ್ನೊಬ್ಬರಿಗೆ ತಲುಪುತ್ತಿತ್ತು.

ಬಾವಿಗೆ ಕಲ್ಲು ಹಾಕುವ ಕೆಲಸವೂ ನಡೆಯಿತು, ಬೇಕೆಂದಲ್ಲ. ಒಂದು ಚಿಪ್ಪಿನಲ್ಲಿ ನೆಟ್ಟಗೆ ನಡೆಯುವ ಸಿ ಇನ್ನೊಂದರಲ್ಲಿ ಮುಗ್ಗರಿಸುತ್ತದೆ. ಶಶಿಕಾಂತ ತನ್ನ ಚಿಪ್ಪಿನಲ್ಲಿ ಪರೀಕ್ಷಿಸಿ ಹಾಕಿದ ಒಂದು ತಿದ್ದುಪಡಿಯಿಂದ ಶ್ರೀದೇವಿಯ ತಕ್ಕಡಿಗಳಲ್ಲಿ ಮೂವತ್ತೆರಡು ಕಿಲೋ ದಾಟಿದ ಚೀಲ ಮೈನಸ್ ತೂಗತೊಡಗಿತು. ಅವನ ಚಿಪ್ಪಿನಲ್ಲಿ ಸಂಖ್ಯೆಗೆ ಇದ್ದ ಜಾಗ ಆಕೆಯ ಚಿಪ್ಪಿನಲ್ಲಿ ಇರಲಿಲ್ಲ, ಗ್ರಾಮಿನ ಲೆಕ್ಕ ತುಂಬಿ ಹೊರಚೆಲ್ಲಿತ್ತು. ಆಕೆ ತಿದ್ದಿದಳು. ತಿದ್ದಿದ್ದಕ್ಕೆ ಒಂದು ಸಾಲಿನ ಟಿಪ್ಪಣಿ ಬರೆಯುವ ಪದ್ಧತಿ ಇದೆ. ಅಲ್ಲಿ ‘ರಾಣೇಬೆನ್ನೂರಿನ ಕಸ ಗುಡಿಸಿದ್ದೇನೆ’ ಎಂದು ಬರೆದಳು. ಮುಂದಿನ ಸಲ ಆಕೆಯ ತಿದ್ದುಪಡಿಯಿಂದ ಅವನ ತಕ್ಕಡಿ ನಿಂತಾಗ ಅವನು ‘ಮ್ಯೂಸಿಯಮ್ಮಿಗೆ ಸೇರಬೇಕಾದವರ ಕೆಲಸ, ಸರಿಪಡಿಸಲಾಗಿದೆ’ ಎಂದು ಬರೆದ. ವರ್ಷಗಟ್ಟಲೆ ಇಬ್ಬರ ನಡುವೆ ಇದ್ದ ಮಾತುಕತೆ ಇಷ್ಟೇ. ಓದಿದವರು ಬೈದಾಡಿಕೊಳ್ಳಲು ಎಷ್ಟು ಅಚ್ಚುಕಟ್ಟಾದ ಜಾಗ ಮಾಡಿಕೊಳ್ಳುತ್ತಾರೆ ನೋಡಿ.

ಹೀಗಿರುವಾಗ ಬ್ಯಾಡಗಿಯಿಂದ ದಲಾಲಿ ಅಂಗಡಿಯ ಹಾಲೇಶಪ್ಪನ ಫೋನು ಬಂತು. ಅವನ ಅಂಗಡಿಯಲ್ಲಿದ್ದದ್ದು ಶಶಿಕಾಂತನ ತಕ್ಕಡಿ. ಗುತ್ತಲದ ಮುದುಕವ್ವ ಎಂಬ ರೈತ ಹೆಂಗಸು ಮೆಣಸಿನಕಾಯಿ ತಂದು, ಪ್ರತಿ ಚೀಲಕ್ಕೂ ತೂಕ ಕಡಿಮೆ ಬಂತೆಂದು ಅಂಗಡಿಯ ಮುಂದೆ ಕೂತುಬಿಟ್ಟಿದ್ದಳು. ಬರುವ ಮೊದಲು ಊರಿನ ಬೀಜದ ಅಂಗಡಿಯಲ್ಲಿ ತೂಗಿಸಿಕೊಂಡೇ ಬಂದಿದ್ದಳು. ಅಲ್ಲಿರುವುದು ಶ್ರೀದೇವಿಯ ತಕ್ಕಡಿ.

“ನಿಮ್ಮ ಗುತ್ತಲದ ತಕ್ಕಡಿ ಹೆಚ್ಚು ತೋರಸಾಕತ್ತೈತಿ ಅಂತ ಒಂದು ಮಾತು ಹೇಳಿಬಿಡ್ರಿ ಅಕ್ಕಾರ. ಜಗಳ ಮುಗೀತೈತಿ,” ಎಂದ ಹಾಲೇಶಪ್ಪ. “ಇಲ್ಲಂದ್ರ ನಮ್ಮಲ್ಲಿ ತೂಕ ಮಾಡೂ ಗುಡದಪ್ಪ ಕಳ್ಳ ಅಂತ ಆಗತೈತಿ. ಎರಡರಾಗ ಒಂದು.”

“ನಿಮ್ಮ ಅಂಗಡಿ ಕಳ್ಳ ಅಂತ ಆಗಬಾರದು, ಅಷ್ಟ ಹೌದಲ್ರಿ?” ಎಂದು ಶ್ರೀದೇವಿ ಫೋನಿಟ್ಟಳು. ತೂಕದ ಕಲ್ಲುಗಳನ್ನು ಚೀಲಕ್ಕೆ ತುಂಬಿಕೊಂಡು ಬ್ಯಾಡಗಿಯ ಬಸ್ಸು ಹತ್ತಿದಳು. ಗುಡದಪ್ಪನನ್ನು ಉಳಿಸಲು ಹೋದಳು ಎಂದು ಯಾರೂ ತಿಳಿಯಬೇಡಿ. ಹೋದದ್ದು ತನ್ನ ಹೆಸರಿಗೆ.

ಪೇಟೆಯಲ್ಲಿ ಮೆಣಸಿನಕಾಯಿಯ ಘಾಟಿಗಿಂತ ಜನರ ಬಾಯಿಯ ಘಾಟು ಹೆಚ್ಚಾಗಿತ್ತು. ಮುದುಕವ್ವ ಒಬ್ಬಳೇ ಅಲ್ಲ, ಇನ್ನೂ ನಾಲ್ಕಾರು ಜನ ತಮಗೂ ಹೀಗೇ ಆಗಿದೆ ಎಂದು ಎದ್ದಿದ್ದರು. ಮುದುಕವ್ವನ ಚೀಲ ತೂಗಿದ ಮರುದಿನವೇ ತಕ್ಕಡಿಯನ್ನು ಎಲ್ಲರೆದುರು ಪರೀಕ್ಷೆ ಮಾಡಿಸಿದ್ದಾಗಿತ್ತು, ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಯಂತ್ರ ಸರಿಯಿದೆ ಎಂದ ಮೇಲೆ ತಪ್ಪು ಮನುಷ್ಯನದೇ ತಾನೆ? ಯಾರೋ ಗುಡದಪ್ಪನ ಕೆನ್ನೆಗೆ ಹೊಡೆದಿದ್ದರು. ಯಾರೋ ಅವನ ಟವೆಲ್ ಎಳೆದು ಚರಂಡಿಗೆ ಎಸೆದಿದ್ದರು. ಕೊನೆಗೆ ಹಿರಿಯರು ಸೇರಿ ಒಂದು ದಾರಿ ಹೇಳಿದರು: ಶನಿವಾರ ಕದರಮಂಡಲಗಿಯ ಗುಡಿಯಲ್ಲಿ ಹಣಮಪ್ಪನ ಮುಂದೆ ಒದ್ದೆ ಬಟ್ಟೆಯಲ್ಲಿ ನಿಂತು, ತೂಕದಲ್ಲಿ ನನ್ನಿಂದ ಮೋಸವಾಗಿಲ್ಲ ಎಂದು ಆಣೆ ಮಾಡಲಿ. ಮಾಡಿದರೆ ಮತ್ತೆ ತಕ್ಕಡಿ ಹಿಡಿಯಲಿ. ಮಾಡದಿದ್ದರೆ ಪೇಟೆಯ ಯಾವ ಅಂಗಡಿಯಲ್ಲೂ ಅವನಿಗೆ ಕೆಲಸವಿಲ್ಲ.

ಗುಡದಪ್ಪ ಆಣೆ ಮಾಡುವುದಿಲ್ಲ ಎಂದ. ಕದರಮಂಡಲಗಿಯವನೇ, ಹುಟ್ಟಿದಾಗಿನಿಂದ ಆ ಹಣಮಪ್ಪನಿಗೆ ನಡೆದುಕೊಂಡವನು, ಅವನ ಮುಂದೆ ನಿಲ್ಲುವುದಿಲ್ಲ ಎಂದರೆ ಜನ ಏನು ತಿಳಿಯಬೇಕು? ತಿಳಿಯಬೇಕಾದ್ದನ್ನು ತಿಳಿದರು.

ಶ್ರೀದೇವಿ ಬಂದಾಗ ಅವನು ಖಾಲಿ ಚೀಲಗಳ ರಾಶಿಯ ಮಗ್ಗುಲಲ್ಲಿ ಒಬ್ಬನೇ ಕೂತಿದ್ದ. ಕೆನ್ನೆ ಇನ್ನೂ ಊದಿಕೊಂಡಿತ್ತು.

“ಕದ್ದೀರೇನು?” ಎಂದು ಕೇಳಿದಳು. ಸುತ್ತಿಬಳಸಿ ಕೇಳುವುದು ಆಕೆಗೆ ಬಾರದು.

“ಇಲ್ರಿ ಅಕ್ಕಾರ.”

“ಮತ್ತ ಆಣಿ ಮಾಡಾಕ ಏನು ಧಾಡಿ? ನೀರಾಗ ಮುಳುಗಿ ಎದ್ದು ಒಂದು ಮಾತು ಅಂದುಬಿಡ್ರಿ.”

“ಮುದುಕವ್ವನ ಚೀಲ ಕಡಿಮಿ ಬಂದದ್ದು ಖರೇ ಐತಿ. ಆ ಚೀಲ ಹಿಡಿದರ ಗೊತ್ತಾಗತೈತಿ ನನಗ. ತೂಗಿದಾಂವ ನಾನ,” ಎಂದ ಗುಡದಪ್ಪ. “ಆ ಪೆಟಿಗಿ ಒಳಗ ಏನೈತಿ ನನಗ ಗೊತ್ತಿಲ್ಲ. ನಾ ಎಲ್ಲಿ ಒತ್ತೇನಿ, ಎಲ್ಲಿ ಬಿಟ್ಟೇನಿ, ಅದರಿಂದ ಏನಾಗೇತಿ ಅನ್ನೂದು ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ದೇವರ ಮುಂದ ಹೆಂಗ ಆಣಿ ಮಾಡ್ಲಿ?”

ಎಂಥ ದಡ್ಡ ಎನಿಸಿತು ಆಕೆಗೆ. ಹಾಗೆಂದು ಬಾಯಿಬಿಟ್ಟೂ ಅಂದಳು. ಆಮೇಲೆ ಕಲ್ಲುಗಳನ್ನಿಟ್ಟು ತಕ್ಕಡಿ ನೋಡಿದಳು. ಶಶಿಕಾಂತನ ತಕ್ಕಡಿಯಲ್ಲಿ ತಪ್ಪು ಸಿಗಲಿ ಎಂದು ಮನಸಾರೆ ಬಯಸಿದ್ದಳು. ಸಿಗಲಿಲ್ಲ.

“ಎಲ್ಲಾ ದಿನಾನೂ ಕಡಿಮಿ ಬರ್ತಿತ್ತೇನು?”

“ದೂರು ಬಂದದ್ದೆಲ್ಲಾ ಅಮಾಸಿ ದಿನದ್ದ ನೋಡ್ರಿ,” ಎಂದ ಗುಡದಪ್ಪ. ಅಮಾವಾಸ್ಯೆಯಂದು ಬೆಳಗ್ಗೆ ತಕ್ಕಡಿಗೆ ಪೂಜೆ. ಹಲಗೆಯ ಮೇಲೆ ಐದು ಕಾಯಿ, ನಿಂಬೆಹಣ್ಣು, ಹೂವು. ಮಂಗಳಾರತಿ ಎತ್ತುವಾಗಲೇ ಸ್ವಿಚ್ ಹಾಕಬೇಕು; ಕೆಂಪು ಅಂಕಿ ಬೆಳಗಿದರೆ ಲಕ್ಷ್ಮಿ ಕಣ್ಣು ತೆರೆದಳೆಂದು ಅರ್ಥ. ಬಳಿಕ ಕಾಯಿ ಇಳಿಸಿ ತೂಕ ಶುರು.

ಶ್ರೀದೇವಿ ನಕ್ಕುಬಿಟ್ಟಳು. ತಕ್ಕಡಿ ಚಾಲೂ ಆದ ಗಳಿಗೆಯಲ್ಲಿ ಹಲಗೆಯ ಮೇಲೆ ಏನಿದೆಯೋ ಅದನ್ನೇ ಸೊನ್ನೆ ಎಂದು ಹಿಡಿಯುತ್ತದೆ. ಕಾಯಿಯ ಭಾರವೇ ಸೊನ್ನೆಯಾದರೆ, ಕಾಯಿ ಇಳಿಸಿದ ಮೇಲೆ ಹಲಗೆ ಸೊನ್ನೆಗಿಂತ ಕೆಳಗೆ; ಆಮೇಲೆ ಇಟ್ಟ ಪ್ರತಿ ಚೀಲಕ್ಕೂ ಕಾಯಿಯಷ್ಟು ತೂಕ ಕಡಿಮೆ. ಆದರೆ ಈ ಪೂಜೆ ಆಕೆಗೆ ಹೊಸದೇ? ಅಪ್ಪನ ಕಾಲದಿಂದ ನೋಡಿದ್ದಳು. ಅದಕ್ಕೆಂದೇ ಲೈಬ್ರರಿಯಲ್ಲಿ ಒಂದು ತುಂಡು ಬರೆದಿದ್ದಳು: ಹಲಗೆ ಸೊನ್ನೆಗಿಂತ ಕೆಳಗಿದ್ದು ಸ್ವಲ್ಪ ಹೊತ್ತು ಅಲುಗದಿದ್ದರೆ, ಅದೇ ಹೊಸ ಸೊನ್ನೆ. ಆ ತುಂಡಿಗೆ ‘ಕಾಯಿ’ ಎಂದೇ ಹೆಸರು. ಆಕೆಯ ತಕ್ಕಡಿಗಳು ಎಷ್ಟೋ ಅಮಾವಾಸ್ಯೆ ಕಂಡಿವೆ, ಒಂದೂ ತಪ್ಪಿಲ್ಲ.

“ಕಾಯಿಗೆ ನಾನು ಎಂದೋ ಔಷಧ ಬರದಿಟ್ಟೇನಿ. ಅದರಿಂದ ಅಲ್ಲ,” ಎಂದಳು. ಕಾಯಿ ತರಿಸಿ ನೋಡುವ ಯೋಚನೆಯೂ ಬರಲಿಲ್ಲ. ತಾನು ಬರೆದದ್ದರ ಮೇಲೆ ಅಷ್ಟು ಸೊಕ್ಕು. “ನಿಮ್ಮ ಹಣೇಬರಹ. ಆಣಿ ಮಾಡಿ ಪಾರಾಗ್ರಿ,” ಎಂದು ಹೇಳಿ ಬಸ್ ಹಿಡಿದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ನೆಮ್ಮದಿಯಿಲ್ಲ. ಎಲ್ಲ ದೂರೂ ಅಮಾವಾಸ್ಯೆಯದೇ ಏಕೆ? ಕಳ್ಳನಾದವನು ಪಂಚಾಂಗ ನೋಡಿ ಕದಿಯುತ್ತಾನೆಯೆ? ಆ ತುಂಡನ್ನು ತಾನು ಪರೀಕ್ಷಿಸಿದ್ದು ತನ್ನ ಚಿಪ್ಪಿನಲ್ಲಿ. ಶಶಿಕಾಂತನ ಚಿಪ್ಪಿನ ಮೇಲೆ ಕಾಯಿ ಇಟ್ಟು ನೋಡಿದವರು ಯಾರು? ಮೋಟೆಬೆನ್ನೂರು ಬಂತು. ಹೆದ್ದಾರಿಯಲ್ಲಿ ಒಂದು ಕಡೆ ಹಾವೇರಿ, ಇನ್ನೊಂದು ಕಡೆ ರಾಣೇಬೆನ್ನೂರು. ಕಂಡಕ್ಟರನಿಗೆ ಕೂಗಿ ಹೇಳಿ ಇಳಿದು, ತನ್ನನ್ನು ತಾನೇ ಬೈದುಕೊಳ್ಳುತ್ತ ರಾಣೇಬೆನ್ನೂರಿನ ಬಸ್ಸಿಗೆ ಕೈ ಮಾಡಿದಳು.

ಕೈಯಲ್ಲಿ ಎರಡು ತೆಂಗಿನಕಾಯಿ ಹಿಡಿದು ಒಳಗೆ ಬಂದವಳನ್ನು ನೋಡಿ ಶಶಿಕಾಂತ ಕುರ್ಚಿಯಿಂದ ಏಳಲಿಲ್ಲ. ಒಂದು ಕಾಲಕ್ಕೆ ಏಕವಚನದಲ್ಲಿ ಕರೆದುಕೊಳ್ಳುತ್ತಿದ್ದವರು. ಈಗ ಅವನು, “ಬರ್ರಿ ಮೇಡಂ. ಕಾಯಿ ಒಡಿಯಾಕ ಬಂದೀರೋ, ತೆಲಿ ಒಡಿಯಾಕೋ?” ಎಂದ.

“ನಿಮ್ಮ ತಕ್ಕಡಿ ಒಂದು ತಗೀರಿ ಸಾಹೇಬ್ರ. ತೆಲಿ ಆಮ್ಯಾಲ ನೋಡೂಣು.”

ಹಲಗೆಯ ಮೇಲೆ ಕಾಯಿ ಇಟ್ಟು ಸ್ವಿಚ್ ಹಾಕಿದಳು. ಅಂಕಿ ಬೆಳಗಿತು: ಸೊನ್ನೆ. ಕಾಯಿ ಇಳಿಸಿದಳು. ಆಗಲೂ ಸೊನ್ನೆ. ಶಶಿಕಾಂತ ಕೈ ಕಟ್ಟಿಕೊಂಡು ನಕ್ಕ. ಶ್ರೀದೇವಿ ಇಪ್ಪತ್ತು ಕಿಲೋ ಕಲ್ಲು ಎತ್ತಿ ಇಟ್ಟಳು. ಹತ್ತೊಂಬತ್ತು ಚಿಲ್ಲರೆ ತೋರಿಸಿತು. ಎರಡು ಕಾಯಿಯ ತೂಕ ಅಷ್ಟಕ್ಕಷ್ಟು ಮಾಯ.

ಅವನ ನಗು ನಿಂತಿತು. ಇಬ್ಬರೂ ಒಂದೇ ಪರದೆಗೆ ಮುಖ ಹಾಕಿ ಕೂತರು, ನಡುವೆ ಒಂದು ಸ್ಟೂಲಿನಷ್ಟು ಜಾಗ ಬಿಟ್ಟುಕೊಂಡು. ಹುಡುಕುವುದಕ್ಕೆ ಬಹಳ ಹೊತ್ತೇನೂ ಹಿಡಿಯಲಿಲ್ಲ. ಹಲಗೆ ಸೊನ್ನೆಗಿಂತ ಕೆಳಗಿದ್ದರೆ ಮೈನಸ್ ಒಂದು, ಮೇಲಿದ್ದರೆ ಒಂದು ಎಂದು ಗುರುತಿಟ್ಟುಕೊಳ್ಳುವ ಒಂದು ಪುಟ್ಟ ಜಾಗ ಅಲ್ಲಿತ್ತು. ಸಿ ಭಾಷೆಯ ಅತಿ ಸಣ್ಣ ಜಾಗ, ‘ಕ್ಯಾರ್’ ಎನ್ನುತ್ತಾರೆ. ಅದರಲ್ಲಿ ಮೈನಸ್ ಹಿಡಿಯುತ್ತದೆಯೋ ಇಲ್ಲವೋ ಎಂಬುದನ್ನು ಭಾಷೆ ಖಚಿತವಾಗಿ ಹೇಳಿಲ್ಲ, ಚಿಪ್ಪಿಗೆ ತಕ್ಕಂತೆ ಬೇರೆ ಬೇರೆ. ಆಕೆಯ ಹಳೇ ಚಿಪ್ಪಿನಲ್ಲಿ ಮೈನಸ್ ಒಂದು ಇಟ್ಟರೆ ಮೈನಸ್ ಒಂದೇ ಸಿಗುತ್ತದೆ. ಅವನ ಹೊಸ ಚಿಪ್ಪಿನಲ್ಲಿ ಅದು ಇನ್ನೂರ ಐವತ್ತೈದಾಗಿ ಕೂತಿತ್ತು. ಸೊನ್ನೆಗಿಂತ ಕಡಿಮೆ ಇದೆಯೇ ಎಂದು ಕೇಳಿದರೆ ಎಂದೆಂದಿಗೂ ಇಲ್ಲ ಎಂದೇ ಉತ್ತರ. ಹೊಸ ಸೊನ್ನೆ ಹಿಡಿಯುವ ಪ್ರಶ್ನೆಯೇ ಇಲ್ಲ. ಮೇಲೆ ಇದೆ ಎನ್ನಲು ಗುರುತು ‘ಒಂದು’ ಎಂದಿರಬೇಕು, ಅದೂ ಅಲ್ಲ. ಹಾಗಾಗಿ ಕೆಳಗೂ ಅಲ್ಲ ಮೇಲೂ ಅಲ್ಲ ಎಂದು ಖಾಲಿ ಹಲಗೆಗೆ ಸೊನ್ನೆ ತೋರಿಸುತ್ತ ತಕ್ಕಡಿ ಸಂಭಾವಿತನ ಹಾಗೆ ಕೂತಿರುತ್ತಿತ್ತು. ಸಂಜೆ ಆರಿಸಿ ಮರುದಿನ ಖಾಲಿ ಹಲಗೆಯಲ್ಲಿ ಚಾಲೂ ಮಾಡಿದರೆ ಎಲ್ಲ ಸರಿ.

“ಬರದದ್ದು ನೀವು,” ಎಂದ ಶಶಿಕಾಂತ.

“ಇದು ಸುಳ್ಳು ಹೋಲಿಕಿ, ಎಂದೂ ಖರೇ ಆಗಂಗಿಲ್ಲ ಅಂತ ಕಂಪೈಲರ್ ಬಡಕೊಂಡಿರಬೇಕಲ್ಲ ನಿಮಗ? ಹೊಸ ಚಿಪ್ಪಿಗೆ ಹಾಕುವಾಗ?” ಕಂಪೈಲರ್ ಎಂದರೆ ಬರೆದ ಸಿಯನ್ನು ಚಿಪ್ಪಿಗೆ ತಿಳಿಯುವಂತೆ ಮಾಡಿಕೊಟ್ಟು, ಅನುಮಾನ ಬಂದಲ್ಲಿ ಎಚ್ಚರಿಸುವ ಪ್ರೋಗ್ರಾಂ.

“ನಿಮ್ಮ ಕೋಡಿಗೆ ಅದು ಪುಟಗಟ್ಟಲೆ ಬಡಕೋತೈತಿ. ಕೇಳಿ ಕೇಳಿ ಸಾಕಾಗಿ ಎಲ್ಲಾ ಎಚ್ಚರಿಕಿ ಬಂದ್ ಮಾಡೇನಿ.”

“ಬಾಯಿ ಮುಚ್ಚಿಸೀರಿ.”

“ನಿಮ್ಮದ ಮುಚ್ಚಸಾಕ ಆಗಲಿಲ್ಲ, ಅದರದಾದ್ರೂ ಮುಚ್ಚಿಸಿದೆ.”

ಶ್ರೀದೇವಿ ಕೀಲಿಮಣೆ ತನ್ನತ್ತ ಎಳೆದುಕೊಂಡಳು. ‘ಕ್ಯಾರ್’ ಮುಂದೆ ಮೈನಸ್ಸೂ ಹಿಡಿಯಬೇಕು ಎನ್ನುವ ಒಂದೇ ಪದ ಸೇರಿಸಿದಳು. ಮತ್ತೆ ಕಾಯಿ ಇಟ್ಟು, ಇಳಿಸಿ, ಕಲ್ಲು ಹೇರಿದರು. ಇಪ್ಪತ್ತು. ಟಿಪ್ಪಣಿ ಬರೆಯುವ ಜಾಗದಲ್ಲಿ ಕರ್ಸರ್ ಮಿಣುಕುತ್ತಿತ್ತು. ಬೈಗುಳ ಒಂದೂ ನೆನಪಾಗದೆ ‘ನನ್ನ ತಪ್ಪು’ ಎಂದು ಬರೆದಳು. ಗುಡದಪ್ಪನಿಗೆ ಆಣೆ ಮಾಡಿ ಪಾರಾಗು ಎಂದು ಹೇಳಿ ಬಂದಿದ್ದಳಲ್ಲ.

“ಇಷ್ಟ ಆತಲ್ಲ?” ಶಶಿಕಾಂತನ ದನಿ ಮೆತ್ತಗಾಯಿತು. “ಸರ್ವಿಸ್ ಅಂತ ಹೇಳಿ ಹೋಗಿ ಎಲ್ಲಾ ತಕ್ಕಡಿಗೂ ಹೊಸಾದು ಹಾಕಿ ಬರ್ತೇನಿ. ಮುಂದಿನ ಅಮಾಸಿಗೆ ಯಾರದೂ ಕಡಿಮಿ ಬರೂದಿಲ್ಲ. ಬಾಯಿ ಬಿಟ್ರ ಇಬ್ಬರದೂ ಅಂಗಡಿ ಬಂದ್ ಆಗತಾವ.”

“ಗುಡದಪ್ಪ?”

“ಹಮಾಲಿಗೆ ಎಲ್ಲೆರ ಕೆಲಸ ಸಿಗತೈತಿ ಬಿಡ್ರಿ.”

ಆ ಮಾತು ಕೇಳಿ ಶ್ರೀದೇವಿಗೆ ಅಸಹ್ಯವಾಯಿತು. ಅಸಹ್ಯದ ಅರ್ಧ ಭಾಗ ತನ್ನ ಮೇಲೇ, ಏಕೆಂದರೆ ಆ ಉಪಾಯ ಅವನು ಹೇಳುವ ಮೊದಲೇ ಆಕೆಯ ತಲೆಯಲ್ಲೂ ಹಾದುಹೋಗಿತ್ತು. ಅವನ ಮೇಜಿನ ಮೇಲಿದ್ದ ಚಿಪ್ಪಿಗೆ ಪ್ರೋಗ್ರಾಂ ತುಂಬುವ ಕೇಬಲ್ಲನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಹೊರಟಳು. ಅವನು ಕಳ್ಳಿ ಎಂದು ಕೂಗಿದ. ಆಕೆ ತಿರುಗಿ ನೋಡಲಿಲ್ಲ.

ಶನಿವಾರ ಬೆಳಗ್ಗೆ ಹಾಲೇಶಪ್ಪನ ಅಂಗಡಿ ಮುಂದೆ ಟ್ರ್ಯಾಕ್ಟರ್ ನಿಂತಿತ್ತು. ಗುಡದಪ್ಪನನ್ನು ಕದರಮಂಡಲಗಿಗೆ ಕರೆದೊಯ್ಯಲು ಜನ ಟ್ರಾಲಿ ಹತ್ತುತ್ತಿದ್ದರು. ಬರದಿದ್ದರೆ ಎತ್ತಿ ಹಾಕಿಕೊಂಡು ಹೋಗುವ ಮಾತು ನಡೆದಿತ್ತು. ಶ್ರೀದೇವಿ ಐದು ಕಾಯಿ ತಂದಿದ್ದಳು. ಆಕೆ ಏನು ಹೇಳಿಬಿಡುತ್ತಾಳೋ ಎಂಬ ಭಯಕ್ಕೆ ಶಶಿಕಾಂತನೂ ಬಂದು ಗುಂಪಿನ ಹಿಂದೆ ನಿಂತಿದ್ದ.

“ಟ್ರ್ಯಾಕ್ಟರ್ ಆಮ್ಯಾಲ. ಮೊದಲ ಇಲ್ಲಿ ನೋಡ್ರಿ,” ಎಂದು ಕೂಗಿದಳು. ಹಾಲೇಶಪ್ಪ ಅಡ್ಡ ಬಂದ. ಮುದುಕವ್ವ ಅವನ ತೋಳು ಹಿಡಿದು ಸರಿಸಿ, “ತೋರಸಲಿ ಬಿಡೋ. ನಂದು ಹೋಗೇತಿ, ನಿಂದಲ್ಲ,” ಎಂದಳು.

ಹಲಗೆಗೆ ಕಾಯಿ ಏರಿದವು, ಸ್ವಿಚ್ ಬಿತ್ತು, ಕಾಯಿ ಇಳಿದವು. ಸೊನ್ನೆ. ಕಲ್ಲು ಹೇರಿದಾಗ ಐದು ಕಾಯಿಯ ಭಾರ ಎಲ್ಲರ ಕಣ್ಣೆದುರೇ ಕಾಣೆಯಾಯಿತು. ಗುಂಪಿನಲ್ಲಿ ಗದ್ದಲವೆದ್ದಿತು. ಆಮೇಲೆ ಕೇಬಲ್ ಹಚ್ಚಿ ಹೊಸ ಪ್ರೋಗ್ರಾಂ ತುಂಬಿ ಮತ್ತೆ ತೋರಿಸಿದಳು. ಈ ಸಲ ಕಲ್ಲಿನ ತೂಕ ಪೂರ್ತಿ ಬಂತು.

“ಒಳಗಿನ ಬರಹ ನಂದು,” ಎಂದಳು ಶ್ರೀದೇವಿ. “ಅವರ ಚಿಪ್ಪಿಗೆ ಅದು ಹೊಂದಂಗಿಲ್ಲಂತ ನನಗ ಗೊತ್ತಿರಲಿಲ್ಲ. ಗುಡದಪ್ಪಣ್ಣನ ತಪ್ಪು ಇದರಾಗ ಏನೂ ಇಲ್ಲ.”

ಮೊದಲು ಯಾರೋ ನಕ್ಕರು. ಲಕ್ಷ್ಮಿ ಕಾಯಿ ನುಂಗಿದಳು ಎಂದು ಇನ್ನೊಬ್ಬರು. ನಗು ಹಬ್ಬಿತು, ಟ್ರಾಲಿಯಿಂದ ಜನ ಇಳಿಯತೊಡಗಿದರು. ಕಡಿಮೆ ಬಂದದ್ದನ್ನೆಲ್ಲ ತುಂಬಿಕೊಡುತ್ತೇನೆ ಎಂದು ಹಾಲೇಶಪ್ಪ ಉದಾರಿಯಾದ. “ನಡೀಲೇ ಗುಡದಪ್ಪ, ತಕ್ಕಡಿ ಹಿಡಿ. ಆಣಿ ಗೀಣಿ ಏನೂ ಬ್ಯಾಡ,” ಎಂದ.

ಗುಡದಪ್ಪ ಕದಲಲಿಲ್ಲ. ಶ್ರೀದೇವಿಯ ಎದುರಿಗೆ ಬಂದು ನಿಂತ. ಕೈ ಮುಗಿಯುತ್ತಾನೆ ಎಂದುಕೊಂಡಿದ್ದಳು ಆಕೆ. ಬೇಡಣ್ಣಾ ಎನ್ನಲು ಸಿದ್ಧವಾಗಿಯೂ ಇದ್ದಳು.

“ಇಂಥದು ಒಳಗ ಇನ್ನೊಂದು ಇಲ್ಲಂತ ಹೇಳತೀರೇನ್ರಿ ಅಕ್ಕಾರ?” ಎಂದ ಅವನು. ದನಿಯಲ್ಲಿ ಉಪಕಾರದ ಸುಳಿವಿರಲಿಲ್ಲ. “ನಾಳೆ ಮತ್ತ ಆ ಸ್ವಿಚ್ ಹಾಕಾಂವ ನಾನು. ಟ್ರ್ಯಾಕ್ಟರ್ ಹೆಂಗೂ ಐತಿ. ಬರ್ರಿ, ಹಣಮಪ್ಪನ ಮುಂದ ನಿಂತು ಹೇಳ್ರಿ. ಪೆಟಿಗಿ ಒಳಗ ಇನ್ನ ಮ್ಯಾಲ ತಪ್ಪಿಲ್ಲ ಅಂತ.”

ಶ್ರೀದೇವಿ ಬಾಯಿ ತೆರೆದಳು. ಆ ಲೈಬ್ರರಿಯ ಸಾವಿರಾರು ಸಾಲು ಕಣ್ಣ ಮುಂದೆ ಬಂತು. ಅರ್ಧ ತನ್ನದು, ಅರ್ಧ ಅವನದು, ಒಬ್ಬರ ಮೇಲಿನ ಹಟಕ್ಕೆ ಒಬ್ಬರು ತಿದ್ದಿದ್ದು, ಎಚ್ಚರಿಕೆಯ ಬಾಯಿ ಮುಚ್ಚಿಸಿ ಓಡಿಸಿದ್ದು. ತಿರುಗಿ ಶಶಿಕಾಂತನನ್ನು ನೋಡಿದಳು. ಅವನು ಫೋನು ನೋಡುತ್ತಿದ್ದ.

“ಆಗೂದಿಲ್ರಿ,” ಎಂದಳು. “ಗೊತ್ತಿಲ್ಲದ್ದಕ್ಕ ಹೆಂಗ ಆಣಿ ಮಾಡ್ಲಿ?”

“ನಾನೂ ಇದನ್ನ ಅಂದಿದ್ದೆ,” ಎಂದ ಗುಡದಪ್ಪ. “ನನ್ನ ಬಡದ್ರು.”

ಶ್ರೀದೇವಿಯನ್ನು ಯಾರೂ ಬಡಿಯಲಿಲ್ಲ. ಯಾರೂ ಕಳ್ಳಿ ಎನ್ನಲಿಲ್ಲ. ಅಕ್ಕಾರು ಬಿಸಿಲಿನಲ್ಲಿ ನಿಂತಿದ್ದಾರೆ ಎಂದು ಹಾಲೇಶಪ್ಪ ಒಳಗಿನಿಂದ ಕುರ್ಚಿ ತರಿಸಿ ಹಾಕಿಸಿದ, ಚಹಾಕ್ಕೆ ಹೇಳಿ ಕಳಿಸಿದ.